ಗಡಿಯಾರ ಕಲಿಕೆ
ಮಕ್ಕಳಿಗೆ ವೇಳೆ ಓದುವುದನ್ನೂ ಕಳೆದ ಅವಧಿ ಎಣಿಸುವುದನ್ನೂ ಕಲಿಸುವ ಪ್ರಾಥಮಿಕ ಗಣಿತದ ಭಾಗ. ಬಾಗಲಕೋಟೆ, ಬಾದಾಮಿ ಕಡೆಯ ಮಗು ಶಾಲೆಗೆ ಬರುವ ಮೊದಲೇ ಮನೆಯಲ್ಲಿ ‘ತಾಸು’, ‘ಅರ್ಧ ತಾಸು’ ಕೇಳಿರುತ್ತದೆ. ಪಾಠ ಅಲ್ಲಿಂದಲೇ ಶುರುವಾಗುವುದು ಒಳ್ಳೆಯದು. ಮೊದಲು ಚಿಕ್ಕ ಮುಳ್ಳು, ಆಮೇಲೆ ದೊಡ್ಡದು.

ಮುಳ್ಳು ಓದುವುದು ಬೇಗ ಬರುತ್ತದೆ, ತೊಡಕಿರುವುದು ಅವಧಿಯಲ್ಲಿ. ಹುನಗುಂದದಲ್ಲಿ 10:40ಕ್ಕೆ ಬಸ್ಸು ಹತ್ತಿ ಬಾಗಲಕೋಟೆಯಲ್ಲಿ 12:15ಕ್ಕೆ ಇಳಿದರೆ ಎಷ್ಟು ಹೊತ್ತು? ಮಗು ದಶಮಾಂಶದಂತೆ ಕಳೆದು 1 ಗಂಟೆ 75 ನಿಮಿಷ ಎನ್ನುತ್ತದೆ. ಗಂಟೆಗೆ 60 ನಿಮಿಷವೆಂದು ಬಾಯಿಪಾಠ ಮಾಡಿಸಿದರೆ ಈ ತಪ್ಪು ಹೋಗದು. ವೇಳೆಯ ಗೆರೆ ಎಳೆದು ಅದರ ಮೇಲೆ ಜಿಗಿಸಬೇಕು: 10:40ರಿಂದ 11ಕ್ಕೆ 20 ನಿಮಿಷ, 12ಕ್ಕೆ ಒಂದು ಗಂಟೆ, ಮೇಲೆ 15. ಒಟ್ಟು 1 ಗಂಟೆ 35 ನಿಮಿಷ. ಇಳಕಲ್ಲಿನ ನೇಕಾರರ ಮನೆಯಲ್ಲಾದರೆ ಮಗ್ಗದ ಕೆಲಸದ ಆರಂಭ, ಬಿಡುವುಗಳನ್ನು ಬರೆದಿಟ್ಟೂ ಇದೇ ಲೆಕ್ಕ ಮಾಡಿಸಬಹುದು. ಅಂಕಿ ಮಾತ್ರ ತೋರಿಸುವ ಡಿಜಿಟಲ್ ಗಡಿಯಾರ ಅವಧಿ ಕಲಿಸಲು ಸಾಲದು.