ಅರ್ಜಿಯಲ್ಲಿ ಹೆಸರಿಲ್ಲದ ಮಕ್ಕಳು

ಕೆನಡಾದ ಶ್ರೀಮಂತ ಮನೆಗಳಲ್ಲಿ ಅಡುಗೆ, ಕಸಮುಸುರೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಜನ ಸಿಗದೆ ಪರದಾಟವಾಗಿದ್ದ ಕಾಲ. ಆಗ ಅಲ್ಲಿನ ಸರ್ಕಾರ ತನ್ನ ಹಳೆಯ ನಿಲುವನ್ನು ತುಸು ಸಡಿಲಿಸಿತು. ಕರಿಯರ ವಲಸೆಗೆ ಬಹುಮಟ್ಟಿಗೆ ಮುಚ್ಚಿಯೇ ಇದ್ದ ಬಾಗಿಲನ್ನು 1955ರಲ್ಲಿ ಒಂದಿಷ್ಟು ತೆರೆದು, ಜಮೈಕಾ ಮತ್ತು ಬಾರ್ಬಡೋಸ್ ದ್ವೀಪಗಳಿಂದ 100 ಮಹಿಳೆಯರನ್ನು ಕರೆಸಿಕೊಂಡಿತು. ಈ ಮನೆಗೆಲಸದ ಯೋಜನೆ ಮುಂದೆ ಇತರ ಕೆರಿಬಿಯನ್ ದ್ವೀಪಗಳಿಗೂ ಹಬ್ಬಿತು.

ಷರತ್ತುಗಳು ಹೀಗಿದ್ದವು: ವಯಸ್ಸು 18ರಿಂದ 35ರ ಒಳಗಿರಬೇಕು. ಕನಿಷ್ಠ ಎಂಟನೇ ತರಗತಿ ಓದಿರಬೇಕು. ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಬೇಕು. ಅವಿವಾಹಿತೆಯಾಗಿರಬೇಕು, ಅವಲಂಬಿತರು ಇರಕೂಡದು. ಒಂದು ವರ್ಷ ಮನೆಗೆಲಸ ಮಾಡಿದರೆ ಆಮೇಲೆ ಬೇರೆ ಉದ್ಯೋಗ ಹಿಡಿಯಬಹುದು, ಅಲ್ಲೇ ನೆಲೆಸಬಹುದು. ಈ ಆಸೆಗೆ ಶಿಕ್ಷಕಿಯರು, ಗುಮಾಸ್ತೆಯರು ಕೂಡ ಕಸಬರಿಗೆ ಹಿಡಿಯಲು ಒಪ್ಪಿದರು. ಗ್ರೆನಾಡಾದಿಂದ 1960ರಲ್ಲಿ ಇದೇ ಯೋಜನೆಯಡಿ ಬಂದ ಜೀನ್ ಆಗಸ್ಟೀನ್, ಟೊರಾಂಟೋದಲ್ಲಿ ಶಾಲಾ ಮುಖ್ಯೋಪಾಧ್ಯಾಯಿನಿಯಾಗಿ, 1993ರಲ್ಲಿ ಕೆನಡಾ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಎನಿಸಿದರು.

ತೊಡಕು ಇದ್ದದ್ದು ಆ ಕೊನೆಯ ಷರತ್ತಿನಲ್ಲಿ. ಅವಿವಾಹಿತೆ ಎಂದರೆ ಮಕ್ಕಳಿಲ್ಲದವಳು ಎಂದು ಒಟ್ಟಾವಾದ ಅಧಿಕಾರಿಗಳು ಭಾವಿಸಿದಂತಿತ್ತು. ಕೆರಿಬಿಯನ್ ಸಮಾಜ ಹಾಗಿಲ್ಲ. ಮದುವೆಯಾಗದೆ ತಾಯಿಯಾದ ಹೆಣ್ಣು ಅಲ್ಲಿ ಅಪರೂಪದವಳಲ್ಲ. ತಾಯಿ ದುಡಿಯಲು ಹೋದರೆ ಮಗುವನ್ನು ಅಜ್ಜಿಯೋ ಚಿಕ್ಕಮ್ಮನೋ ಸಾಕುವುದು ಅಲ್ಲಿನ ಹಳೆಯ ವಾಡಿಕೆ. ಹೀಗಾಗಿ ಮಕ್ಕಳಿದ್ದವರ ಮುಂದೆ ಉಳಿದದ್ದು ಎರಡೇ ದಾರಿ. ಮಗುವಿನ ಹೆಸರು ಬರೆದು ವೀಸಾ ಕಳೆದುಕೊಳ್ಳುವುದು, ಇಲ್ಲವೇ ಆ ಕಲಮನ್ನು ಖಾಲಿ ಬಿಡುವುದು. ಅನೇಕರು ಖಾಲಿ ಬಿಟ್ಟರು.

ಸಂಬಳದಲ್ಲಿ ಉಳಿಸಿದ್ದು ಊರಿಗೆ ಹೋಗುತ್ತಿತ್ತು. ಬಟ್ಟೆ, ಬೂಟು, ಡಬ್ಬಿ ಆಹಾರ, ಸೋಪು ಎಲ್ಲವನ್ನೂ ದೊಡ್ಡ ಪೀಪಾಯಿಗಳಲ್ಲಿ ತುಂಬಿ ಹಡಗಿಗೆ ಹಾಕುವುದು ವಲಸೆ ಹೋದ ತಾಯಂದಿರ ರೂಢಿಯಾಯಿತು. ಜಮೈಕಾದಲ್ಲಿ ಇಂಥ ಮಕ್ಕಳಿಗೆ ‘ಪೀಪಾಯಿ ಮಕ್ಕಳು’ ಎಂಬ ಹೆಸರೇ ಬಿದ್ದಿದೆ. ತಾಯಿಯ ಮುಖ ಮರೆತರೂ ಪೀಪಾಯಿ ಬರುವ ತಿಂಗಳು ನೆನಪಿರುತ್ತದೆ.

ಕಾಲೂರಿದ ಮೇಲೆ ಮಗುವನ್ನು ಕರೆಸಿಕೊಳ್ಳಲು ತಾಯಿ ಪ್ರಾಯೋಜಕಿಯಾಗಿ ಅರ್ಜಿ ಹಾಕಬೇಕು. ಆಗ ಹಳೆಯ ಕಡತ ಹೊರಬರುತ್ತದೆ. ಈ ಹೆಂಗಸರು ನೆಂಟರಿಷ್ಟರನ್ನು ಒಬ್ಬರ ಹಿಂದೆ ಒಬ್ಬರಂತೆ ಕರೆಸಿಕೊಂಡಾರು ಎಂಬ ಅಳುಕು ವಲಸೆ ಇಲಾಖೆಗೆ ಮೊದಲಿನಿಂದಲೂ ಇತ್ತು. 1967ರಲ್ಲಿ ಅಂಕ ಪದ್ಧತಿ ಬಂದು ಯೋಜನೆ ಮುಗಿಯಿತು. 1973ರಿಂದ ತಾತ್ಕಾಲಿಕ ಪರವಾನಗಿಯ ವ್ಯವಸ್ಥೆ ಬಂತು. ಕೆಲಸ ಅದೇ, ನೆಲೆಸುವ ಹಕ್ಕು ಮಾತ್ರ ಇಲ್ಲ.

1977ರಲ್ಲಿ ಪ್ರಕರಣ ಸ್ಫೋಟಗೊಂಡಿತು. ವಲಸೆ ಅರ್ಜಿಯಲ್ಲಿ ಮಕ್ಕಳ ವಿಷಯ ಮುಚ್ಚಿಟ್ಟರೆಂಬ ಕಾರಣಕ್ಕೆ ಜಮೈಕಾದ ಏಳು ತಾಯಂದಿರನ್ನು ಗಡೀಪಾರು ಮಾಡಲು ಆದೇಶವಾಯಿತು. ಅವರೆಲ್ಲ ವರ್ಷಗಟ್ಟಲೆ ದುಡಿದು ತೆರಿಗೆ ಕಟ್ಟಿದ್ದವರು. ಇಂಥ ಹೆಂಗಸರಿಗೆ ಮಕ್ಕಳಿರುವುದು ಅಧಿಕಾರಿಗಳಿಗೆ ಗೊತ್ತೇ ಇತ್ತು, ಕೆಲಸದವರು ಬೇಕಿದ್ದಾಗ ಕಣ್ಣು ಮುಚ್ಚಿಕೊಂಡಿದ್ದರು ಎಂಬುದು ಅವರ ಪರ ನಿಂತವರ ವಾದ. ದುಡಿಯಲು ಯೋಗ್ಯರಾದವರು ನೆಲೆಸಲೂ ಯೋಗ್ಯರು ಎಂಬ ಘೋಷಣೆ ಟೊರಾಂಟೋದ ಬೀದಿಗಳಲ್ಲಿ ಮೊಳಗಿತು. ಕರಿಯರ ಸಂಘಟನೆಗಳು, ಮಹಿಳಾ ಸಂಘಟನೆಗಳು, ಕಾರ್ಮಿಕ ಸಂಘಗಳು ಕೈಜೋಡಿಸಿದವು. 1979ರಲ್ಲಿ ಸರ್ಕಾರ ಮಣಿಯಿತು, ಆ ತಾಯಂದಿರಿಗೆ ಕೆನಡಾದಲ್ಲಿ ನೆಲೆಸಲು ಅವಕಾಶ ಸಿಕ್ಕಿತು. ಅದೇ ವರ್ಷ ಮನೆಗೆಲಸದವರ ಹಕ್ಕುಗಳಿಗಾಗಿ ಟೊರಾಂಟೋದಲ್ಲಿ ‘ಇಂಟರ್‌ಸೀಡ್’ ಎಂಬ ಸಂಸ್ಥೆ ಹುಟ್ಟಿಕೊಂಡಿತು.

ಈ ಹೋರಾಟದ ಫಲ 1981ರ ಹೊಸ ಯೋಜನೆಯಲ್ಲಿ ಕಂಡಿತು. ಎರಡು ವರ್ಷ ದುಡಿದ ಮನೆಗೆಲಸದಾಕೆ ಕೆನಡಾದಲ್ಲಿದ್ದುಕೊಂಡೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದಾಯಿತು. 1992ರ ಯೋಜನೆಯಲ್ಲಿ ಮಾಲೀಕರ ಮನೆಯಲ್ಲೇ ವಾಸವಿದ್ದು 24 ತಿಂಗಳ ಕೆಲಸ ಪೂರೈಸಬೇಕಿತ್ತು. ಅದರಡಿ ಬಂದವರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸ್‌ನವರು. ಮಕ್ಕಳ ಹೆಸರನ್ನು ಈಗ ಧೈರ್ಯವಾಗಿ ಬರೆಯಬಹುದಿತ್ತು, ಆದರೆ ಕಾಯುವುದು ತಪ್ಪಲಿಲ್ಲ. ಎರಡು ವರ್ಷದ ಕೆಲಸದ ಮೇಲೆ ಕಡತ ಸಾಗುವ ವರ್ಷಗಳು ಬೇರೆ. ಮಾಲೀಕರ ಮನೆಯಲ್ಲೇ ಇರಬೇಕೆಂಬ ಕಡ್ಡಾಯ 2014ರಲ್ಲಿ ರದ್ದಾಯಿತು.

ಖಾಲಿ ಬಿಟ್ಟ ಕಲಮಿನ ಕಥೆ ಮಾತ್ರ ಮುಗಿದಿರಲಿಲ್ಲ. 2002ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಕಾಯಂ ವಾಸ ಪಡೆಯುವಾಗ ತಿಳಿಸದೆ, ತಪಾಸಣೆಗೂ ಒಳಪಡಿಸದೆ ಬಿಟ್ಟ ಮಗುವನ್ನು ಮುಂದೆಂದೂ ಕುಟುಂಬದ ಸದಸ್ಯನೆಂದು ಪ್ರಾಯೋಜಿಸುವಂತಿಲ್ಲ. ಅಪರಾಧಕ್ಕೂ ಒಂದು ಅವಧಿಯ ಶಿಕ್ಷೆ ಇರುತ್ತದೆ, ಇದಕ್ಕೆ ಅವಧಿಯೇ ಇಲ್ಲ. ಉಳಿದದ್ದು ಮಾನವೀಯ ನೆಲೆಯಲ್ಲಿ ವಿನಾಯಿತಿ ಬೇಡುವ ದಾರಿಯೊಂದೇ. ವ್ಯಾಪಕ ಟೀಕೆಯ ನಂತರ 2019ರ ಸೆಪ್ಟೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಒಂದು ಸಡಿಲಿಕೆ ಬಂತು, ಆಮೇಲೆ ಅದನ್ನು ವಿಸ್ತರಿಸಲಾಯಿತು. ಅದು ಮುಖ್ಯವಾಗಿ ನಿರಾಶ್ರಿತರಿಗೆ ಮತ್ತು ಕುಟುಂಬದ ಪ್ರಾಯೋಜಕತ್ವದಲ್ಲಿ ಬಂದವರಿಗೆ. ಅದಕ್ಕೂ ಒಂದು ಷರತ್ತಿದೆ: ಮಗುವಿನ ಹೆಸರನ್ನು ಮೊದಲೇ ಹೇಳಿದ್ದರೂ ತಾಯಿಗೆ ವೀಸಾ ಸಿಗುತ್ತಿತ್ತು ಎಂದಾಗಿರಬೇಕು. 1955ರ ಯೋಜನೆಯಲ್ಲಿ ಬಂದ ತಾಯಂದಿರಿಗೆ ಇದೇ ಪ್ರಶ್ನೆ ಹಾಕಿದ್ದರೆ, ಇಲ್ಲ ಎಂಬುದೇ ಉತ್ತರವಾಗುತ್ತಿತ್ತು.