ಕಾರು ತೊಳೆಯುವಾಗ ಹೊಳೆದ ಹುಲ್ಲು ಮಿಷಿನ್

ಮಳೆ ಸ್ವಲ್ಪ ಹೊಳವಾದರೆ ಸಾಕು, ಮಲೆನಾಡು, ಕರಾವಳಿಯ ತೋಟಗಳಲ್ಲಿ ಹುಲ್ಲು ಹೊಡೆಯುವ ಮಿಷಿನ್ನಿನ ಸದ್ದು ಶುರುವಾಗುತ್ತದೆ. ಇದಕ್ಕೆ ದಾರ ಹಾಕುವುದೋ ಬ್ಲೇಡ್ ಹಾಕುವುದೋ ಎಂಬ ಚರ್ಚೆಯೂ ಜೊತೆಗೇ ಇರುತ್ತದೆ. ಇದಕ್ಕೆ ಉತ್ತರ ಆ ದಾರ ಹುಟ್ಟಿದ ಕತೆಯಲ್ಲೇ ಇದೆ.

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಜಾರ್ಜ್ ಬಲ್ಲಾಸ್ ಎಂಬವರಿದ್ದರು. ನೃತ್ಯಶಾಲೆ ನಡೆಸಿದ್ದವರು. ಅವರ ಮನೆಯಂಗಳದಲ್ಲಿ ಮರಗಳಿದ್ದವು. ಬುಡದ ಹುಲ್ಲು ತೆಗೆಯಬೇಕು, ಆದರೆ ತೊಗಟೆಗೆ ಪೆಟ್ಟಾಗಬಾರದು. ಇದೇ ಅವರ ಚಿಂತೆ.

1971ರಲ್ಲಿ ಒಮ್ಮೆ ಕಾರು ತೊಳೆಸಲು ಹೋದಾಗ ಅಲ್ಲಿನ ದೊಡ್ಡ ಬ್ರಷ್‌ಗಳನ್ನು ಗಮನಿಸಿದರು. ನೈಲಾನ್ ಎಳೆಗಳು ತಿರುಗುವಾಗ ನೆಟ್ಟಗೆ ನಿಂತು ಕೊಳೆ ತೆಗೆಯುತ್ತಿದ್ದವು, ನಿಂತಾಗ ಜೋತು ಬೀಳುತ್ತಿದ್ದವು. ಮನೆಗೆ ಬಂದು ಖಾಲಿ ತಗಡಿನ ಡಬ್ಬಿಗೆ ತೂತು ಕೊರೆದು, ಮೀನಿನ ಗಾಳದ ನೈಲಾನ್ ದಾರ ಪೋಣಿಸಿ, ಹುಲ್ಲಿನ ಅಂಚು ಕತ್ತರಿಸುವ ಮಿಷಿನ್ನಿಗೆ ಸಿಕ್ಕಿಸಿದರು. ಹುಲ್ಲು ಕತ್ತರಿಸಿತು! ಕಂಪನಿಗಳಿಗೆ ತೋರಿಸಿದರೆ ಯಾರೂ ಒಪ್ಪಲಿಲ್ಲ. ತಾವೇ ತಯಾರಿಸಿ ‘ವೀಡ್ ಈಟರ್’ ಎಂದು ಹೆಸರಿಟ್ಟು ಮಾರಿದರು. ವ್ಯಾಪಾರ ಚೆನ್ನಾಗಿ ಬೆಳೆಯಿತು. 1977ರಲ್ಲಿ ಅದನ್ನು ಎಮರ್ಸನ್ ಎಲೆಕ್ಟ್ರಿಕ್ ಕಂಪನಿಗೆ ಕೊಟ್ಟರು. 2011ರಲ್ಲಿ ತೀರಿಕೊಂಡರು.

ಗಿಡ ಉಳಿಸಲು ಹುಟ್ಟಿದ ಮಿಷಿನ್ ಇದು. ಹಾಗಾಗಿ ಕೊಳ್ಳುವ ಮುಂಚೆ ಹುಲ್ಲು ನೋಡಿದಷ್ಟೇ ಹುಲ್ಲಿನ ನಡುವೆ ಏನಿದೆ ಎಂದೂ ನೋಡಬೇಕು.

ಎಳೆ ಹುಲ್ಲು, ಮನೆಯಂಗಳ, ಕಲ್ಲುಕಟ್ಟೆಯ ಅಂಚು ಇದ್ದರೆ ದಾರ ಸಾಕು. ಕಲ್ಲಿಗೆ ತಾಗಿದರೆ ದಾರ ಸವೆಯುತ್ತದೆ ಅಷ್ಟೆ. ಬ್ಲೇಡ್ ಕಲ್ಲಿಗೆ ಹೊಡೆದರೆ ಮಿಷಿನ್ ಕೈಯಲ್ಲೇ ಎಗರುತ್ತದೆ, ಬ್ಲೇಡ್ ಮುರಿಯಲೂಬಹುದು. ಲಂಟಾನದಂಥ ಗಟ್ಟಿ ಪೊದೆಗೆ ಮಾತ್ರ ಬ್ಲೇಡ್ ಬೇಕು, ಅಲ್ಲಿ ದಾರ ಬರೀ ಸುತ್ತಿಕೊಳ್ಳುತ್ತದೆ. ಎರಡೂ ಹಾಕಲು ಬರುವ ಮಿಷಿನ್ ತೋಟದವರಿಗೆ ಅನುಕೂಲ.

ಅಂಗಳಕ್ಕಷ್ಟೇ ಆದರೆ ಕರೆಂಟ್ ಅಥವಾ ಬ್ಯಾಟರಿಯದು ಹಗುರ. ದಿನವಿಡೀ ಕೆಲಸಕ್ಕೆ ಪೆಟ್ರೋಲ್ ಮಿಷಿನ್. ಅದರಲ್ಲಿ ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಅಳತೆ ಪುಸ್ತಕದಲ್ಲಿರುತ್ತದೆ. ಆಯಿಲ್ ಹಾಕದೆ ಓಡಿಸಿದರೆ ಇಂಜಿನ್ ಹಿಡಿದುಕೊಳ್ಳುತ್ತದೆ. ಫೋರ್ ಸ್ಟ್ರೋಕಿಗೆ ಬೆರೆಸುವಂತಿಲ್ಲ, ಅದರ ಆಯಿಲ್ ಬೇರೆಯೇ ಹಾಕಬೇಕು. ಅಂಗಡಿಯಲ್ಲೇ ಬೆಲ್ಟ್ ಹಾಕಿಕೊಂಡು ಹೆಗಲಿಗೆ ಎಷ್ಟು ಭಾರ ಎಂದು ನೋಡಿ. ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂದೂ ಕೇಳಿ.

ದಾರ ಮೆತ್ತಗಿದೆ ಎಂದು ಮೈಮರೆಯಬಾರದು. ಎಳೆ ಮಾವು, ಹಲಸಿನ ಗಿಡದ ತೊಗಟೆಯನ್ನು ಅದು ಸುತ್ತಲೂ ಸುಲಿದುಹಾಕಿದರೆ ಬೇರಿಗೆ ಆಹಾರ ಇಳಿಯದೆ ಗಿಡ ಸಾಯುತ್ತದೆ. ಮೆಣಸಿನ ಬಳ್ಳಿಯ ಬುಡ, ಡ್ರಿಪ್ ಪೈಪ್ ಕೂಡ ಹಾಗೆಯೇ. ಬುಡದ ಸುತ್ತ ಒಂದು ಮೊಳ ಜಾಗವನ್ನು ಕತ್ತಿಗೇ ಬಿಡುವುದು ಲೇಸು.

ಇನ್ನು ಕಣ್ಣು. ಮಿಷಿನ್ ಚಿಮ್ಮಿಸುವ ಕಲ್ಲು ಯಾರಿಗೆ ತಾಗುತ್ತದೆಂದು ಹೇಳಲಾಗದು. ಕನ್ನಡಕ, ಬೂಟು ಹಾಕಿ. ಕೆಳಗಿನ ಗಾರ್ಡ್ ಬಿಚ್ಚಬೇಡಿ. ಮಕ್ಕಳು, ದನಕರು 15 ಮೀಟರ್ ದೂರವಿರಲಿ. ಕೂಲಿಗೆ ಬಂದವರು ಹೊಡೆಯುವುದಾದರೆ ಅವರಿಗೂ ಕನ್ನಡಕ ಕೊಡಿ. ಮಿಷಿನ್ನಿನ ಖರ್ಚಿನಲ್ಲಿ ಅದನ್ನೂ ಸೇರಿಸಿಯೇ ಲೆಕ್ಕ ಹಾಕೋಣ.