ಹೂಗಳ ಕಣಿವೆ: ಸಂಗ್ರಹದಿಂದ ಸಂರಕ್ಷಣೆಗೆ

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ಪುಷ್ಪಾವತಿ ನದಿಯ ಇಕ್ಕೆಲಗಳಲ್ಲಿ ಹರಡಿರುವ ‘ಹೂಗಳ ಕಣಿವೆ’ ಹಿಮಾಲಯದ ಸುಪ್ರಸಿದ್ಧ ಪುಷ್ಪತಾಣವಾಗಿದೆ. ಸುಮಾರು 3,200 ಮೀಟರ್ ಎತ್ತರದಿಂದ ಆರಂಭವಾಗುವ ಈ ಪ್ರದೇಶವು ವರ್ಷದ ಬಹುಕಾಲ ಹಿಮಾಚ್ಛಾದಿತ. ಹಿಮ ಕರಗಿದ ಬಳಿಕ ದೊರೆಯುವ ಕೆಲವೇ ತಿಂಗಳುಗಳಲ್ಲಿ ಇಲ್ಲಿನ ಗಿಡಗಳು ಚಿಗುರಿ, ಹೂಬಿಟ್ಟು, ಬೀಜ ಕಟ್ಟಬೇಕು.

ಭ್ಯೂಂಡಾರ್ ಎಂದು ಸ್ಥಳೀಯರು ಕರೆಯುವ ಈ ಕಣಿವೆ ಕುರಿಗಾಹಿಗಳಿಗೆ ಮೊದಲಿನಿಂದಲೂ ಪರಿಚಿತವಾಗಿತ್ತು. ಹೊರಜಗತ್ತಿಗೆ ಇದರ ಅರಿವಾದುದು 1931ರಲ್ಲಿ. 7,756 ಮೀಟರ್ ಎತ್ತರದ ಕಾಮೆಟ್ ಶಿಖರವನ್ನು ಮೊದಲ ಬಾರಿಗೆ ಏರಿ ಮರಳುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈಥ್ ಹಾಗೂ ಸಂಗಡಿಗರು ಈ ಕಣಿವೆಗೆ ಇಳಿದರು. ಸ್ಮೈಥ್ 1937ರಲ್ಲಿ ಹೂ ಮತ್ತು ಬೀಜಗಳ ಸಂಗ್ರಹಕ್ಕಾಗಿ ಪುನಃ ಬಂದರು. ಮರುವರ್ಷ ಪ್ರಕಟವಾದ ಅವರ ಗ್ರಂಥದಿಂದ ಕಣಿವೆಗೆ ಈಗಿನ ಹೆಸರು ರೂಢಿಯಾಯಿತು. 1939ರಲ್ಲಿ ಇಲ್ಲಿಗೆ ಬಂದ ಸಸ್ಯಸಂಗ್ರಾಹಕಿ ಜೋನ್ ಮಾರ್ಗರೇಟ್ ಲೆಗ್ ಹೂಗಳನ್ನು ಆಯುತ್ತಿದ್ದಾಗ ಇಳಿಜಾರಿನಲ್ಲಿ ಜಾರಿಬಿದ್ದು ಮೃತಪಟ್ಟರು. ಅವರ ಸಮಾಧಿ ಕಣಿವೆಯಲ್ಲೇ ಇದೆ.

ಸಸ್ಯಸಂಗ್ರಹವು ಎರಡು ಹಂತಗಳ ಕಾರ್ಯ. ಹೂ ಅರಳಿರುವಾಗ ಮಾದರಿಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ದೊರೆತ ಸ್ಥಳ, ಎತ್ತರ ಮತ್ತು ದಿನಾಂಕವನ್ನು ದಾಖಲಿಸಲಾಗುತ್ತದೆ. ಒಣಗಿದ ಹೂವಿನ ಬಣ್ಣ ಮಾಸುವುದರಿಂದ ಅದನ್ನೂ ಸ್ಥಳದಲ್ಲೇ ಬರೆದುಕೊಳ್ಳಬೇಕು. ಬೀಜ ಬಲಿಯುವುದು ಶರದೃತುವಿನ ವೇಳೆಗೆ. ಆಗ ಹೂವಿಲ್ಲದ ಗಿಡವನ್ನು ಗುರುತಿಸಬಲ್ಲವರು ಮೊದಲೇ ಗುರುತು ಮಾಡಿಟ್ಟವರು ಮಾತ್ರ.

ಒಂದು ಹಿಡಿ ಬೀಜ ತೆಗೆದರೆ ಗಿಡ ಉಳಿಯುತ್ತದೆ. ಬೇರು ಕಿತ್ತರೆ ಉಳಿಯದು. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಅತಿವಿಷ ಮತ್ತು ಕಟುಕರೋಹಿಣಿಗಳ ಔಷಧೀಯ ಭಾಗ ನೆಲದೊಳಗೇ ಇರುವುದು ಅವುಗಳ ಪಾಲಿಗೆ ಕಂಟಕವಾಗಿದೆ. ಕರ್ನಾಟಕದ ಗ್ರಂಧಿಗೆ ಅಂಗಡಿಗಳಲ್ಲೂ ಮಾರಾಟವಾಗುವ ಈ ಮೂಲಿಕೆಗಳು ಬೀಜ ಬಲಿಯುವ ಮುನ್ನವೇ ಅಗೆಯಲ್ಪಟ್ಟರೆ ಮುಂದಿನ ಪೀಳಿಗೆಯೂ ನಾಶವಾಗುತ್ತದೆ.

ಹೂಗಳ ಕಣಿವೆಯನ್ನು 1982ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2005ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸುಮಾರು 87 ಚದರ ಕಿ.ಮೀ. ವಿಸ್ತೀರ್ಣದ ಈ ಉದ್ಯಾನದಲ್ಲಿ ಹೂ ಕೀಳುವುದು ನಿಷಿದ್ಧ. ಸಂಗ್ರಾಹಕರಿಂದ ಜಗತ್ಪ್ರಸಿದ್ಧವಾದ ಕಣಿವೆಯಿಂದ ಪ್ರವಾಸಿಗರು ಈಗ ಛಾಯಾಚಿತ್ರಗಳನ್ನಷ್ಟೇ ಕೊಂಡೊಯ್ಯಬಹುದು.